ಐದೆಲೆ ಕಲಿಸಿದ ಎಂಟು ದಿನ

ಫರ್ರೆಂದು ಒಂದು ಸದ್ದು, ಅದರ ಹಿಂದೆಯೇ ಮೆತ್ತಗೆ ತಟ್ಟಿದಂಥ ಇನ್ನೊಂದು. ಪಾರಿವಾಳವೊಂದು ಮಾಳಿಗೆಯಿಂದ ಎದ್ದು ಮತ್ತೆ ಅಲ್ಲಿಯೇ ಕೂತಂತೆ. ಬೀದರಿನ ಚಿದ್ರಿಯ ಓಣಿಯವರಿಗೆ ಆ ಸದ್ದು ಗೊತ್ತಿತ್ತು. ರೊಟ್ಟಿ ಬಡಿಯುವ ಸದ್ದಿಗೂ ಮೊದಲು ಅದು ಬಕ್ಕಪ್ಪನ ಪಡಸಾಲೆಯಿಂದ ಬರುತ್ತಿತ್ತು. ಐವತ್ತೆರಡು ಇಸ್ಪೀಟು ಎಲೆಗಳು ಎರಡು ಪಾಲಾಗಿ, ಒಂದರೊಳಗೊಂದು ಹೊಕ್ಕು, ಮತ್ತೆ ಒಂದೇ ಕಟ್ಟಾಗುವ ಸದ್ದು. ಇಪ್ಪತ್ತೆರಡು ವರ್ಷ ಹೀಗೆ ಕೈ ಸಾಧಿಸಿದ ಬಕ್ಕಪ್ಪ ತಾನಾಗಿ ಒಂದು ದಿನವೂ ಜೂಜು ಆಡಿದವನಲ್ಲ. ಕೋಟೆಯ ಕಡೆಗಿದ್ದ ಅಧಿಕಾರಿಗಳ ಕ್ಲಬ್ಬಿನಲ್ಲಿ ಆಡುವವರಿಗೆ ಎಲೆ ಹಾಕುವುದು, ಹೊಸಬರಿಗೆ ಆಟ ಕಲಿಸುವುದು ಅವನ ನೌಕರಿ.

ಪೊಲೀಸ್ ಆಕ್ಷನ್ ಆಗಿ ಕ್ಲಬ್ಬಿಗೆ ಬೀಗ ಬಿದ್ದ ಮೇಲೆ ಆ ಸದ್ದು ಒಂದು ತಿಂಗಳು ನಿಂತಿತ್ತು. ಅಕ್ಟೋಬರಿನ ಆ ಶನಿವಾರ ಮತ್ತೆ ಕೇಳಿದಾಗ ಹೆಂಡತಿ ಗುಂಡಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು.

"ಏನ್ರಿ ನಿಮ್ಮ ಬುದ್ಧಿ? ಒಳಗ ಆ ಹೆಣ್ಮಗಳ ಕಣ್ಣೀರ ಆರಿಲ್ಲ, ನೀವು ಪತ್ತಾ ತಗದು ಕೂತೀರಿ?"

"ಅಕಿ ಸಲುವಾಗೇ ತಗದೇನಿ."

"ಪತ್ತಾದಿಂದ ಗಂಡನ್ನ ಬಿಡಸ್ತೀರೇನ್ರಿ?"

"ಹಂಗೇ ಅನಕೋ."

ಒಳಗಿನ ಕೋಣೆಯಲ್ಲಿ ಇದ್ದವಳು ಹಾಜಿರಾಬೀ, ಕ್ಲಬ್ಬಿನ ಬಾಗಿಲು ಕಾಯುತ್ತಿದ್ದ ಮುನೀರೋದ್ದೀನನ ಹೆಂಡತಿ. ಸೈನ್ಯ ಬಂದ ವಾರ ಅವಳು ತವರೂರಾದ ಔರಾದದಲ್ಲಿದ್ದಳು. ಊರೂರಲ್ಲಿ ಗಲಾಟೆ ಎದ್ದ ಸುದ್ದಿ ಕೇಳಿ ಗಂಡ ಅವಳನ್ನು ಕರೆತರಲು ಹೋದ. ಹೋಗುವಾಗ ಮೈಮೇಲೆ ಇದ್ದದ್ದು ಕ್ಲಬ್ಬಿನ ಖಾಕಿ ಕೋಟು. ಅವಳನ್ನು ಕರೆದುಕೊಂಡು ಔರಾದ ದಾಟಿ ಎರಡು ಮೈಲು ಬರುವಷ್ಟರಲ್ಲಿ ಸಿಪಾಯಿಗಳು ಅವರ ಎತ್ತಿನ ಗಾಡಿ ನಿಲ್ಲಿಸಿದರು. ಖಾಕಿ ತೊಟ್ಟ ಸಾಬ ಎಂದರೆ ರಜಾಕಾರನೇ ಎಂದು ತಿಳಿದಿದ್ದ ದಿನಗಳು ಅವು. ಅವನನ್ನು ಭಾಲ್ಕಿಗೆ ಒಯ್ದರು. ಅವಳು ಒಬ್ಬಳೇ ಮೂರು ದಿನ ನಡೆದು ಚಿದ್ರಿಗೆ ಬಂದು ಬಕ್ಕಪ್ಪನ ಬಾಗಿಲು ಬಡಿದಳು. ಅಂದಿನಿಂದ ದಿನಾ ಸಂಜೆ ಅವನು ಹೊಸ್ತಿಲು ತುಳಿದಾಗ ಒಂದೇ ಮಾತು ಕೇಳುತ್ತಿದ್ದಳು: "ಏನಂದ್ರು ಭಾಯಿ?"

ಬಕ್ಕಪ್ಪನಿಗೂ ಅಂಥದೇ ಕೋಟು ಇತ್ತು. ಎದೆಯ ಮೇಲೆ ಕ್ಲಬ್ಬಿನ ಹೆಸರು ಕೊರೆದ ಹಿತ್ತಾಳೆ ಬಿಲ್ಲೆ. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅವನು ನಾಲ್ಕು ಸಲ ಮುಂಜಾನೆಯ ರೈಲು ಹತ್ತಿ ಭಾಲ್ಕಿಗೆ ಹೋಗಿದ್ದ. ಹಿಡಿದು ತಂದವರ ತಪಾಸಣೆ ನಡೆಸುತ್ತಿದ್ದ ಸಾಹೇಬರು ಅಲ್ಲಿನ ಬಂಗಲೆಯಲ್ಲಿ ಇಳಿದಿದ್ದರು. ಮುಂಬಯಿ ಸರ್ಕಾರದಿಂದ ಬಂದವರು, ಧಾರವಾಡ ಕಡೆಯವರು, ಇನ್ನೂ ಮೂವತ್ತು ದಾಟದವರು.

"ಕೋಟು ಯಾರು ಬೇಕಾದ್ರೂ ಹೊಲಿಸಬಹುದೋ," ಎಂದಿದ್ದರು ಅವರು ಹಿಂದಿನ ಸಲ ಹೋದಾಗ.

"ಮುನೀರಭಾಯಿಗಿ ಕಣ್ಣಾಗ ಪೊರಿ ಬಂದದರಿ. ಕೆಂಪು ಎಲ್ಯಾಗ ಬದಾಮ ಯಾವದು ಚೌಕಟ ಯಾವದು ಕಾಣಲ್ಲಂತ ಎಲಿ ಹಾಕೋ ಕೆಲಸ ಬಿಟ್ಟು ಬಾಗಲಿಗಿ ಕೂತಾವರಿ ಅವ. ಅವ ಯಾರಿಗಿ ಗುರಿ ಹಿಡೀಬೇಕ್ರಿ?"

"ಅದನ್ನೂ ಬರಕೊಂಡೀನಿ. ಬಿಡೋ ಸಹಿ ಮಾತ್ರ ನಂದಲ್ಲ, ದೊಡ್ಡ ಸಾಹೇಬರದು." ಆಮೇಲೆ ಅವರು ಬಿಲ್ಲೆಯ ಮೇಲೆ ಬೆರಳಾಡಿಸಿ ಕೇಳಿದರು, "ಎಲಿ ಹಾಕೋದು ಅಂದ್ಯಲ್ಲ. ನಿನಗ ಪೋಕರ್ ಬರತೈತೇನು?"

ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಬರುವ ರವಿವಾರದ ಮರು ರವಿವಾರ ದೊಡ್ಡ ಸಾಹೇಬರು ಬರುವವರು. ಅವರಿಗೆ ಪೋಕರ್ ಎಂದರೆ ಪ್ರಾಣ. ಹೋದ ಊರಲ್ಲೆಲ್ಲ ಊಟವಾದ ಮೇಲೆ ಎಲೆ ಹಾಕಿಸುತ್ತಾರೆ, ಆಟ ಬಾರದವರನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. "ಗೆಲ್ಲೋದು ಬ್ಯಾಡ. ನಾಕ ಮಂದ್ಯಾಗ ನಗಿಪಾಟಲಾಗಬಾರದು, ಅಷ್ಟ. ಆಟ ಚಂದ ಆದ್ರ ಅಲ್ಲೇ ನಿನ್ನ ಮುನೀರನ ಕಾಗದ ಮುಂದ ಇಡತೀನಿ. ಸೋಮವಾರ ಉಳದವರೆಲ್ಲಾ ಗುಲಬರ್ಗಾ ಜೇಲಿಗೆ. ಅಲ್ಲಿಗೆ ಹೋದ ಮ್ಯಾಲ ನನ್ನ ಕೈಯಾಗ ಏನಿಲ್ಲ."

ಶನಿವಾರದಿಂದ ಶನಿವಾರಕ್ಕೆ ಎಂಟು ದಿನ. ಆ ಶನಿವಾರ ಭಾಲ್ಕಿಯ ರೈಲಿನಲ್ಲಿ ಕೂತು ಬಕ್ಕಪ್ಪ ಯೋಚಿಸಿದ್ದು ಒಂದೇ: ಯಾವ ಆಟ ಕಲಿಸುವುದು?

ಸುಲಭದ್ದು ಬೇಕೆಂದರೆ ಮೂರೆಲೆಯೇ. ಮುಂಜಾನೆ ಕೂತವನು ಮಧ್ಯಾಹ್ನದ ಊಟದೊಳಗೆ ಆಡುತ್ತಾನೆ. ಕ್ಲಬ್ಬಿನ ಡಾಕ್ಟರು ನಾಡಿ ಹಿಡಿದಿದ್ದ ರೋಗಿಯನ್ನು ಕಾಯಿಸಿ, ಎರಡು ಸಿಗರೇಟು ಸುಡುವಷ್ಟರಲ್ಲಿ ಕಲಿತಿದ್ದರು. ಆದರೆ ದೊಡ್ಡ ಸಾಹೇಬರು ಮೂರೆಲೆಯನ್ನು ಸಂತೆ ಬಯಲಿನ ಆಟ ಎನ್ನುತ್ತಾರಂತೆ. ಅವರದು ಐದೆಲೆಯ ಕೈ ಕಟ್ಟುವ ಆಟವೇ, ಅದರಲ್ಲಿ ಯಾವ ಬಗೆಯೆಂದು ಹೇಳುವ ಹಕ್ಕು ಮಾತ್ರ ಆಟ ಇಟ್ಟ ಮನೆಯವನಿಗೆ ಬಿಡುತ್ತಾರೆ.

ಒಂದೆಲೆ ಮುಚ್ಚಿ ನಾಲ್ಕು ತೆರೆದಿಡುವ ಆಟ ಹೊಸಬರಿಗೆ ಸಸಾರವೆಂದು ತೋರುತ್ತದೆ, ಎಲ್ಲ ಕಣ್ಣೆದುರಿಗೇ ಇದೆಯಲ್ಲ ಎಂದು. ತೊಂದರೆ ಇರುವುದೂ ಅಲ್ಲಿಯೇ. ತನ್ನ ಎಲೆಯ ಜೊತೆ ಎಲ್ಲರ ಎಲೆ ಓದಬೇಕು, ಆಟ ಬಿಟ್ಟವನ ಎಲೆಯನ್ನೂ ನೆನಪಿಡಬೇಕು. ನೀರಿನ ಖಾತೆಯ ಎಂಜಿನಿಯರೊಬ್ಬರು ಒಂದು ಬೇಸಿಗೆಯಿಡೀ ಕಲಿತು, ಎದುರಿನವನ ರಾಣಿ ನೋಡುತ್ತ ನೋಡುತ್ತ ತಮ್ಮ ಕೈಯ ರಾಜನನ್ನೇ ಮರೆಯುತ್ತಿದ್ದರು. ಏಳೆಲೆಯ ಆಟದಲ್ಲಂತೂ ಏಳರಲ್ಲಿ ಐದು ಆರಿಸಬೇಕು. ಹೊಸಬ ತುಟಿ ಅಲ್ಲಾಡಿಸಿ ಎಣಿಸುವುದನ್ನು ನೋಡಿಯೇ ಎದುರಿನವನು ಆಟ ತಿಳಿಯುತ್ತಾನೆ. ಸಣ್ಣೆಲೆಯೇ ಗೆಲ್ಲುವ ಉಲ್ಟಾ ಆಟವೊಂದಿತ್ತು. ಅದನ್ನು ಹಳಬರೂ ಕಲಿಯಲಾರರು, ಕೈಗೆ ರಾಜನ ಜೋಡಿ ಬಂದಾಗ ಮುಖ ಅರಳುವುದನ್ನು ಯಾರು ನಿಲ್ಲಿಸಿಕೊಂಡಾರು?

ಉಳಿದದ್ದು ಐದೂ ಎಲೆ ಮುಚ್ಚಿ ಹಿಡಿದು, ಬೇಡವಾದವನ್ನು ಒಮ್ಮೆ ಬದಲಿಸಿಕೊಳ್ಳುವ ಆಟ. ನೋಡಬೇಕಾದದ್ದು ತನ್ನ ಐದು. ತಿಳಿಯಬೇಕಾದದ್ದು ಎದುರಿನವನು ಎಷ್ಟು ಬದಲಿಸಿದ ಎಂಬುದು. ಎಂಟು ದಿನಕ್ಕೆ ಅದೇ ಸರಿ ಎಂದು ಬಕ್ಕಪ್ಪ ನಿಶ್ಚಯಿಸಿದಾಗ ಭಾಲ್ಕಿ ಬಂದಿತ್ತು.

ಆ ಲೆಕ್ಕವೆಲ್ಲ ಅವನಿಗೆ ಹೇಳಿಕೊಟ್ಟವನು ಮುನೀರೋದ್ದೀನನೇ. ಹತ್ತೊಂಬತ್ತರ ಪ್ರಾಯದಲ್ಲಿ ಕುರಿ ಕಾಯುವುದು ಬಿಟ್ಟು ಪಂಖಾ ಎಳೆಯಲು ಕ್ಲಬ್ಬಿಗೆ ಬಂದ ಬಕ್ಕಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ಮುನೀರೋದ್ದೀನ ಅಡುಗೆ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಎಲೆಗಳ ಚಿತ್ರ ಬರೆದು, ಜೋಡಿ, ಸಾಲು, ಒಂದೇ ರಂಗು ಎಂದು ಕಲಿಸಿದ. ಎಲೆಯ ಮೂಲೆ ಮಡಚದಂತೆ ಹಿಡಿಯುವುದನ್ನು, ಆಡುವವರ ಮುಖ ನೋಡಿಯೂ ನೋಡದಂತಿರುವುದನ್ನು ಕಲಿಸಿದ. ಕೊನೆಗೆ ಕ್ಲಬ್ಬಿನ ಒಂದು ರೀತಿ ಹೇಳಿಕೊಟ್ಟ.

"ಹೊಸಾ ಮೆಹಮಾನ ಎಂಟ ದಿನ ಸೋಲಬಾರದು ನೋಡ ಬಕ್ಕ್ಯಾ. ನಿನ್ನ ಕೈಯಾಗ ರಾಜಾ ಇದ್ರೂ ಬೋರಲ ಇಟ್ಟು ಸೋತೆ ಅನ್ನು. ಗೆದ್ದಾವ ಮತ್ತ ಬರ್ತಾನ, ಸೋತಾವ ಚಾ ಕುಡದು ಮನಿಗಿ ಹೋಗ್ತಾನ."

ಇಪ್ಪತ್ತೆರಡು ವರ್ಷದಲ್ಲಿ ಬಕ್ಕಪ್ಪ ಆ ರೀತಿ ತಪ್ಪಿಸಿರಲಿಲ್ಲ. ಒಂಬತ್ತನೆಯ ದಿನ ಹೊಸಬರು ದೊಡ್ಡ ಮೇಜಿಗೆ ಹೋಗುತ್ತಿದ್ದರು. ಸೋಲಿಸುವ ಕೆಲಸ ಅಲ್ಲಿ ಸುತ್ತ ಕೂತವರದು. ಅವನದಲ್ಲ.

ಬಂಗಲೆಯ ಪಡಸಾಲೆಯಲ್ಲಿ ಪಾಠ ಸುರುವಾಯಿತು. ಪಣಕ್ಕೆ ಹುಣಸೆ ಬೀಜ. ಸಾಹೇಬರಿಗೆ ಊರ ಕಡೆಯ ಮೂರೆಲೆ ಸ್ವಲ್ಪ ಗೊತ್ತಿತ್ತು. ಅದೇ ಮೊದಲ ತೊಡಕಾಯಿತು.

"ನನ್ನದು ಸಾಲು. ನಿಂದು ಬರೇ ಒಂದ ರಂಗು. ಬೀಜ ಕೊಡಿಲ್ಲೆ," ಎಂದರು.

"ಮೂರೆಲ್ಯಾಗ ಸಾಲು ದೊಡ್ಡದರಿ. ಐದೆಲ್ಯಾಗ ರಂಗು ದೊಡ್ಡದು."

"ಇದೆಂಥಾ ನ್ಯಾಯ? ಎಲಿ ಹೆಚ್ಚಾದ ಕೂಡಲೇ ಕಾಯ್ದೆ ಬದಲಾತೇನು?"

"ನಮ್ಮೂರಾಗ ರಾಜ್ಯನೇ ಬದಲಾಗ್ಯದರಿ ಸಾಹೇಬರ," ಎಂದ ಬಕ್ಕಪ್ಪ. ಸಾಹೇಬರು ಜೋರಾಗಿ ನಕ್ಕರು. ಅವನು ಬೀಜ ಅವರ ಕಡೆಗೇ ಸರಿಸಿದ.

ಮೂರನೆಯ ದಿನಕ್ಕೆ ತೊಡಕು ಬಿಟ್ಟಿತು. ಜೋಡಿ ಇಟ್ಟುಕೊಂಡು ಮೂರು ಬದಲಿಸುವುದು, ಒಂದೇ ಎಲೆಗೆ ಕಾಯುವುದು, ಎಲ್ಲ ಅವರ ಕೈಗೆ ಹತ್ತಿತು. ನಾಲ್ಕನೆಯ ದಿನ ಏನೂ ಇಲ್ಲದ ಕೈಯಲ್ಲಿ ದೊಡ್ಡ ಪಣ ಕಟ್ಟಿ ಹೆದರಿಸುವುದನ್ನು ಹೇಳಿಕೊಟ್ಟ. ಸಾಹೇಬರು ಮುಖ ಬಿಗಿದು ಹಿಡಿ ಬೀಜ ಮುಂದೆ ತಳ್ಳಿದರು. ಬಕ್ಕಪ್ಪನ ಕೈಯಲ್ಲಿ ಎರಡು ಎಕ್ಕಾ ಇದ್ದವು. ಅವನು ಅವನ್ನು ಬೋರಲು ಇಟ್ಟ.

"ಹೆದರಿದೇನು?" ಎಂದು ಅವರು ಮಗುವಿನಂತೆ ಹಿಗ್ಗಿದರು.

"ಹೆದರಿದೆರಿ."

ಅಂದು ಅವರು ಸಿಪಾಯಿಗೆ ಚೀಟಿ ಬರೆದುಕೊಟ್ಟು ಮುನೀರೋದ್ದೀನನನ್ನು ನೋಡಲು ಬಿಟ್ಟರು. ಸ್ಟೇಶನ್ನಿನ ಹತ್ತಿರದ ಹತ್ತಿ ಗೋದಾಮಿನಲ್ಲಿ ಹಿಡಿದವರನ್ನು ಇಟ್ಟಿದ್ದರು. ಜಾಳಿಗೆಯ ಆಚೆ ಮುನೀರೋದ್ದೀನ ಗಡ್ಡ ಬೆಳೆದು, ತಲೆಯ ತುಂಬ ಹತ್ತಿಯ ಎಳೆ ಅಂಟಿಸಿಕೊಂಡು ನಿಂತಿದ್ದ. ಕೋಟು ಕಸಿದುಕೊಂಡಿದ್ದರು.

"ಯಾರು, ಬಕ್ಕ್ಯಾ? ಹತ್ತಿರ ಬಾ, ಕಾಣಲ್ಲ. ಹಾಜಿರಾ ಊಟ ಮಾಡ್ತಾಳಾ?"

"ಗುಂಡಮ್ಮ ಬಿಡ್ತಾಳೇನ್ರಿ ಉಸ್ತಾದ, ಬೈದು ಉಣಸ್ತಾಳ."

"ಸಾಹೇಬಗ ಪತ್ತಾ ಕಲಸ್ತೀ ಅಂತ ಸಿಪಾಯಿ ಅಂದ. ಯಾವದು ಕಲಸ್ತಿ?"

"ಬದಲಿ ಐದೆಲಿ."

"ಅಚ್ಛಾ. ಸರಿ ಹಿಡದಿ." ಅವನು ಕಣ್ಣು ಕಿರಿದಾಗಿಸಿ ಜಾಳಿಗೆಗೆ ಮುಖ ತಂದ. "ಎಷ್ಟ ಸಲ ಸೋತಾನ?"

"ಒಮ್ಮೀನೂ ಇಲ್ಲ."

ಮುನೀರೋದ್ದೀನ ಜಾಳಿಗೆಯನ್ನು ಎರಡೂ ಕೈಯಿಂದ ಹಿಡಿದ. "ಸೋಲಸೋ. ನಾಳೇನೇ ಸೋಲಸು."

"ಎಂಟ ದಿನ ಸೋಲಸಬ್ಯಾಡ ಅಂತ ನೀವೇ ಹೇಳೀರಿ."

"ಕ್ಲಬ್ಬಿನ್ಯಾಗ ಒಂಬತ್ತನೇ ದಿನ ಇರ್ತಿತ್ತು ಬಕ್ಕ್ಯಾ. ಇಲ್ಲಿ ಎಲ್ಲದ?" ಆಮೇಲೆ ದನಿ ತಗ್ಗಿಸಿದ. "ಜೋಡಿ, ಸಾಲು ಎಲ್ಲಾರೂ ಕಲೀತಾರ. ಚಲೋ ಕಾಣೋ ಎಲಿ ಕೆಳಗಿಡೋದು ಸೋತರೇನೇ ಬರ್ತದ. ಅದು ಬರದಾವ ದೊಡ್ಡ ಮೇಜಿನ ಮ್ಯಾಲ ಬತ್ತಲಾಗ್ತಾನ."

ಸಿಪಾಯಿ ಕೋಲಿನಿಂದ ಜಾಳಿಗೆ ಬಡಿದ. ಹತ್ತು ನಿಮಿಷ ಮುಗಿದಿತ್ತು.

ಬುಧವಾರ ಬಕ್ಕಪ್ಪ ಸೋಲಿಸಬೇಕೆಂದೇ ಕೂತ. ಅಂದು ಗೆಲ್ಲುವ ಎಲೆಯೇ ಬರಲಿಲ್ಲ. ಗುರುವಾರ ಸಾಹೇಬರಿಗೆ ಮೈಯಲ್ಲಿ ಸರಿಯಿಲ್ಲ ಎಂದು ಪಾಠ ಅರ್ಧಕ್ಕೆ ನಿಂತಿತು. ಶುಕ್ರವಾರ ಅವನ ಕೈಗೆ ಮೂರು ರಾಣಿಯರು ಬಂದರು. ಸಾಹೇಬರ ಬಳಿ ಎರಡು ಜೋಡಿ ಇದೆಯೆಂದು ಅವರು ಒಂದೇ ಎಲೆ ಬದಲಿಸಿದಾಗಲೇ ತಿಳಿದಿತ್ತು, ಮೂರು ರಾಣಿಯರ ಮುಂದೆ ಅದು ಸಣ್ಣದು. ಅವರು ಬೀಜವನ್ನೆಲ್ಲ ಮುಂದೆ ದೂಡಿ, "ಏನಂತಿ?" ಎಂದರು. ಅವರ ಬಲಗೈ ಹತ್ತಿರವೇ ಕಾಗದದ ಕಟ್ಟು ಇತ್ತು. ಮೇಲಿನದು ಮುನೀರೋದ್ದೀನನದು, ಅಂದು ಮುಂಜಾನೆ ತಾವಾಗಿ ತೆಗೆದು ತೋರಿಸಿದ್ದರು.

ತೋರಿಸು, ತೋರಿಸು ಎಂದು ಒಳಗೆ ಉಸ್ತಾದನ ದನಿ ಕೂಗುತ್ತಿತ್ತು. ಈ ಮುಖ ಈಗ ಕಪ್ಪಿಟ್ಟರೆ? ಆ ಕಾಗದ ಕಟ್ಟಿನ ತಳಕ್ಕೆ ಹೋದರೆ? ಇಂದು ಸಂಜೆ ಹಾಜಿರಾಬೀ ಕೇಳುವಾಗ ಏನು ಹೇಳುವುದು? ಇಪ್ಪತ್ತೆರಡು ವರ್ಷದ ಅಭ್ಯಾಸ ಬಕ್ಕಪ್ಪನ ಕೈಯನ್ನು ತಾನೇ ತಿರುಗಿಸಿತು. ಮೂರು ರಾಣಿಯರು ಬೋರಲು ಬಿದ್ದರು.

"ಸೋತೆರಿ."

"ನಿನ್ನಂಥಾ ಗುರು ಎಲ್ಲೂ ಸಿಗೂದಿಲ್ಲೋ ಬಕ್ಕಪ್ಪ," ಎಂದು ಸಾಹೇಬರು ತಮ್ಮ ಕೈಯಿಂದ ಅವನಿಗೆ ಚಹಾ ಕೊಟ್ಟರು. ಶನಿವಾರವೂ ಹಾಗೆಯೇ ಆಯಿತು.

ರವಿವಾರ ಮಧ್ಯಾಹ್ನ ನಾಲ್ವರು ಕೂತರು. ದೊಡ್ಡ ಸಾಹೇಬರು, ಅವರ ಜೊತೆ ಬಂದ ಇಬ್ಬರು, ಧಾರವಾಡದ ಸಾಹೇಬರು. ಎಲೆ ಹಾಕುವವನು ಬಕ್ಕಪ್ಪ. ಕಟ್ಟು ಕತ್ತರಿಸಿ ಕೊಡುತ್ತಿದ್ದವರು ದೊಡ್ಡ ಸಾಹೇಬರೇ. ಬೇಕಾದವನಿಗೆ ಬೇಕಾದ ಎಲೆ ಹಾಕುವ ಕೈಚಳಕವನ್ನು ಅವನು ಎಂದೂ ಕಲಿತಿರಲಿಲ್ಲ. ಕಲಿಯಬೇಕಿತ್ತು ಎಂದು ಜೀವನದಲ್ಲಿ ಮೊದಲ ಸಲ ಅನ್ನಿಸಿತು.

ಮೊದಲ ಕೈಯಲ್ಲಿ ಸಾಹೇಬರಿಗೆ ಎಂಟರ ಜೋಡಿ ಬಂತು. ಅವರು ಧೈರ್ಯವಾಗಿ ಪಣ ಏರಿಸಿದರು. ದೊಡ್ಡ ಸಾಹೇಬರು ಬೇಸರದಿಂದೆಂಬಂತೆ ಒಂಬತ್ತರ ಜೋಡಿ ತೋರಿಸಿದರು. ಎರಡನೆಯ ಕೈಯಲ್ಲಿ ಏನೂ ಇರಲಿಲ್ಲ. ಮುಖ ಬಿಗಿದು ಹೆದರಿಸಿದರು. ಯಾರೂ ಹೆದರಲಿಲ್ಲ. ಅವರು ತಿರುಗಿ ಬಕ್ಕಪ್ಪನ ಕಡೆಗೆ ನೋಡಿದರು. ದಾರಿ ತಪ್ಪಿದ ಕುರಿಮರಿ ನೋಡುವಂಥ ನೋಟ. ಮೂರು, ನಾಲ್ಕು, ಐದು... ಪ್ರತಿ ಸಲವೂ ಅವರು ಎಲೆಗಳನ್ನು ಎದೆಗೆ ಹಿಡಿದುಕೊಂಡು ಕೊನೆಯವರೆಗೆ ಕೂತರು. ಕೆಳಗಿಡುವುದು ಎಂಬುದೊಂದಿದೆ ಎಂದು ಅವರಿಗೆ ಗೊತ್ತೇ ಇರಲಿಲ್ಲ.

ಜೊತೆಯವರು ಮೊದಲು ಕೆಮ್ಮಿದರು, ಆಮೇಲೆ ಬಿಚ್ಚಿ ನಕ್ಕರು. ದೊಡ್ಡ ಸಾಹೇಬರು ಎಲೆಯ ಕಟ್ಟನ್ನು ಬದಿಗೆ ಸರಿಸಿ, "ನಿಮಗೆ ಕಲಿಸಿದವರು ಯಾರು ಮಾರಾಯರೆ? ನಿಮ್ಮನ್ನು ಪಲ್ಲಕ್ಕಿಯಲ್ಲಿ ಕೂಡಿಸಿ ಮೆರೆಸಿದ್ದಾರೆ, ನಡೆಯಲು ಕಲಿಸಿಲ್ಲ," ಎಂದರು. ನಾಲ್ಕು ಗಂಟೆಗೇ ಅವರ ಜೀಪು ಹೊರಟಿತು. ಕಾಗದದ ಕಟ್ಟು ಇಟ್ಟಲ್ಲಿಯೇ ಇತ್ತು.

"ಸಾಹೇಬರ, ಆ ಕಾಗದ..."

"ಈಗ ನನ್ನ ಕಣ್ಣ ಮುಂದಿಂದ ಹೋಗು."

ಬಕ್ಕಪ್ಪ ಅಂದು ಚಿದ್ರಿಗೆ ಹೋಗಲಿಲ್ಲ. ರೈಲು ಬಂತು, ಹೋಯಿತು. ಸ್ಟೇಶನ್ನಿನ ಬೆಂಚಿನ ಮೇಲೆ ಕೋಟಿನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದ.

ಸೋಮವಾರ ಬೆಳಿಗ್ಗೆ ಸಾಹೇಬರೇ ಹೇಳಿ ಕಳಿಸಿದರು. ಗೋದಾಮಿನ ಮುಂದೆ ಎರಡು ಲಾರಿ ನಿಂತಿರುವುದು ಬಂಗಲೆಯ ಪಡಸಾಲೆಯಿಂದ ಕಾಣುತ್ತಿತ್ತು. ಜನರನ್ನು ಸಾಲಾಗಿ ನಿಲ್ಲಿಸಿ ಹೆಸರು ಕೂಗುತ್ತಿದ್ದರು. ಸಾಹೇಬರ ಕಣ್ಣು ಕೆಂಪಾಗಿದ್ದವು.

"ಕೂಡು. ನಿನ್ನ ಮ್ಯಾಲ ಸಿಟ್ಟಿಲ್ಲ. ಅವನ ಹೆಸರು ಯಾದ್ಯಾಗ ಹೋತು, ಗುಲಬರ್ಗಾಕ್ಕ ಅರ್ಜಿ ಹಾಕಸು, ನಾನೂ ಬರದು ಕೊಡತೀನಿ."

"ಅಲ್ಲಿ ಎಷ್ಟ ದಿನ ಇಡ್ತಾರ್ರಿ?"

"ಅದು ನನಗ ಹ್ಯಾಂಗ ಗೊತ್ತು? ಆರ ತಿಂಗಳಾಗಬಹುದು, ವರ್ಷಾಗಬಹುದು." ಅವರು ಎಲೆಯ ಕಟ್ಟನ್ನು ಅವನ ಕಡೆಗೆ ನೂಕಿದರು. "ಬರೋ ತಿಂಗಳ ಅವರು ಮತ್ತ ಬರತಾರ. ಈ ಸಲ ಸಸಾರದ್ದು ಕಲಸು. ತೆರದ ಆಟ ಹ್ಯಾಂಗ? ಇಲ್ಲಾ ಏಳೆಲಿ? ಯಾವದು ಲಗೂನ ಬರತೈತಿ?"

ಬಕ್ಕಪ್ಪ ಎಲೆ ಕಲೆಸಿದ. ಫರ್ರೆಂದಿತು. ಐದೈದು ಹಾಕಿದ. ಸಾಹೇಬರು ರಾಜನ ಜೋಡಿ ನೋಡಿ ಹಿಡಿ ಬೀಜ ತಳ್ಳಿದರು. ಬಕ್ಕಪ್ಪ ಅಷ್ಟೇ ಬೀಜ ತಳ್ಳಿ, ತನ್ನ ಎರಡು ಎಕ್ಕಾ ಅಂಗಾತ ಇಟ್ಟ. ಅವರು ಬೆಚ್ಚಿದರು. ಎರಡನೆಯ ಕೈ ಹಾಕಿದ. ಮತ್ತೆ ತಾನೇ ಗೆದ್ದ. ಮೂರನೆಯದರಲ್ಲಿ ಅವನು ಬೀಜದ ರಾಶಿಯನ್ನೇ ಮುಂದೆ ಸರಿಸಿ ಅವರ ಮುಖವನ್ನು ನೇರವಾಗಿ ನೋಡಿದ. ಸಾಹೇಬರು ತಮ್ಮ ಎಲೆ ನೋಡಿದರು, ಅವನನ್ನು ನೋಡಿದರು, ಮತ್ತೆ ಎಲೆ ನೋಡಿದರು. ಹಣೆ ಒರೆಸಿಕೊಂಡು, ನಿಧಾನವಾಗಿ, ಹತ್ತರ ಜೋಡಿಯನ್ನು ಬೋರಲು ಇಟ್ಟರು.

"ಬಂತ್ರಿ," ಎಂದ ಬಕ್ಕಪ್ಪ. "ಇಷ್ಟೇ ಅದರಿ."

ಆಚೆ ಲಾರಿಯ ಎಂಜಿನು ಕೆಮ್ಮಿ ಹೊತ್ತಿಕೊಂಡಿತು. ಹಿಂದಿನ ಹಲಗೆ ಹತ್ತಲಾಗದ ಒಬ್ಬ ಮುದುಕನನ್ನು ಇಬ್ಬರು ರಟ್ಟೆ ಹಿಡಿದು ಎತ್ತುತ್ತಿದ್ದರು. ಅವನು ಕಣ್ಣು ಕಾಣದವನಂತೆ ಕಾಲಿನಿಂದ ಹಲಗೆಯನ್ನು ತಡಕುತ್ತಿದ್ದ.

"ಅರೇ, ಹೌದಲ್ಲೋ!" ಸಾಹೇಬರ ಮುಖ ಬೆಳಗಿತು. "ಮೂರ ಕೈಯಾಗ ತಿಳೀತು ನೋಡು. ಇದನ್ನ ಎಂಟ ದಿನ ಯಾಕ ಕಲಸಲಿಲ್ಲ ನೀ? ಆಂ? ಮೊದಲನೇ ದಿನಾನ..."

ಬಕ್ಕಪ್ಪ ಕೈಯಲ್ಲಿದ್ದ ಐದು ಎಲೆಗಳನ್ನು ಮೇಜಿನ ಮೇಲಿಟ್ಟ. ಕೋಟಿನ ಗಂಟು ಬಿಚ್ಚಿ, ಬಿಲ್ಲೆ ಎದುರಿಗೆ ಕಾಣುವಂತೆ ಖಾಕಿ ಕೋಟು ತೊಟ್ಟುಕೊಂಡ. ಗುಂಡಿ ಹಾಕುತ್ತಲೇ ಮೆಟ್ಟಿಲು ಇಳಿದ.

"ಎಲ್ಲಿ ಹೊಂಟಿ? ಬಕ್ಕಪ್ಪಾ, ಆ ಕೋಟು ತಗಿ, ಹುಚ್ಚಾ, ನಿನ್ನೂ ಹಿಡೀತಾರ! ಇಲ್ಲೇ ಬಾ, ಇನ್ನೊಂದ ಕೈ ಹಾಕು, ನಾ ಕೇಳಿದ್ದಕ್ಕ ಹೇಳೇ ಇಲ್ಲ ನೀ, ತೆರದ ಆಟ ಸಸಾರೋ ಏಳೆಲಿ..."

ಅವನು ಆಗಲೇ ಕಂಪೌಂಡಿನ ಗೇಟು ದಾಟಿ, ಲಾರಿಗಳ ಕಡೆಗೆ ನಡೆಯುತ್ತಿದ್ದ.